ಎರವಲು ಪಾತ್ರೆಗಳ ಗೊಂಬೆಯಾಟ

ಖಾನಾಪುರ

ಪೋರ್ಚುಗಲ್ಲಿಗೆ ಹೋಗಿ ಬಂದೆವು ಎಂದರೆ ನಮ್ಮ ಬೆಳಗಾವಿಯ ಜನ ಮೊದಲು ಕೇಳುವುದು ಸಮುದ್ರ ನೋಡಿದಿರಾ ಎಂದು. ನೋಡಲಿಲ್ಲ. ವಿಮಾನದ ಕಿಟಕಿಯಿಂದ ಕಂಡದ್ದನ್ನು ಬಿಟ್ಟರೆ ಸಮುದ್ರಕ್ಕೂ ನಮಗೂ ಸಂಬಂಧವೇ ಬರಲಿಲ್ಲ. ನಾವು ನೋಡಿದ್ದು ಅಡುಗೆಮನೆಗಳನ್ನು. ಹೇಳಬೇಕಾದದ್ದೂ ಅಲ್ಲಿಯ ಒಂದು ಕಾಫಿ ಗಿರಣಿಯ ಬಗ್ಗೆ, ಅದನ್ನು ನಂಬಿಕೆಯಿಂದ ನಮ್ಮ ಕೈಗೆ ಕೊಟ್ಟ ಒಬ್ಬ ಹೆಂಗಸಿನ ಬಗ್ಗೆ. ಕೇಳಿದವರು ಸ್ವಲ್ಪ ನಿರಾಶರಾಗುತ್ತಾರೆ. ಆಗಲಿ.

ನಾವು ಎಂದರೆ ನಾನು ಮತ್ತು ನನ್ನ ನೆಗೆಣ್ಣಿ ಶಾಂತಕ್ಕ. ಗಂಡನ ಅಣ್ಣನ ಹೆಂಡತಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಗಡಿಯಾರ ನೋಡಿ ಬದುಕುವವಳು, ಬಸ್ಸು ಬರುವ ಮುಂಚೆ ನಿಲ್ದಾಣದಲ್ಲಿ ನಿಂತು ಬೆವರುವವಳು. ಶಾಂತಕ್ಕ ಖಾನಾಪುರದಲ್ಲಿ ಮನೆ, ಹೊಲ, ಓಣಿಯವರ ಜಗಳ ಎಲ್ಲವನ್ನೂ ಒಂದೇ ಕೈಯಲ್ಲಿ ನಡೆಸುವವರು. ಅವರಿಗೆ ಹೊತ್ತು ಎಂಬುದು ಉಂಡ ಮೇಲೆ, ಉಣ್ಣುವ ಮುಂಚೆ ಎಂದು ಎರಡೇ. ಇಂಥ ಇಬ್ಬರೂ ಸೇರಿ ಒಂದು ಗೊಂಬೆಯಾಟ ನಡೆಸುತ್ತೇವೆ ಎಂದರೆ ನನ್ನ ಗಂಡನಿಗೆ ಈಗಲೂ ನಗು.

ಕರೆಂಟು ಹೋದ ಒಂದು ಸಂಜೆ ಖಾನಾಪುರದ ಮನೆಯಲ್ಲಿ ಅದು ಹುಟ್ಟಿತು. ಮಕ್ಕಳು ಒಂದೇ ಸಮನೆ ಕಚ್ಚಾಡುತ್ತಿದ್ದವು. ಒಳಗಿಂದ ಶಾಂತಕ್ಕ ಕುಕ್ಕರನ್ನು ಎತ್ತಿಕೊಂಡು ಬಂದು ಮೇಣಬತ್ತಿಯ ಮುಂದೆ ಹಿಡಿದರು. "ಇಕಿ ಅತ್ತಿ. ಸೀಟಿ ಹೊಡದ್ಲು ಅಂದ್ರ ಎಲ್ಲಾರೂ ಸುಮ್ಕಾಗಬೇಕು" ಎಂದರು. ಇನ್ನೊಂದು ಕೈಯಲ್ಲಿ ಚಹಾ ಸೋಸುವ ಜಾಲರಿ. "ಇಕಿ ಸೊಸಿ. ಎಷ್ಟ್ ಹೇಳ್ರಿ, ಎಲ್ಲಾ ಕೆಳಗ ಸೋರಿ ಹೋಗತೈತಿ." ಮಕ್ಕಳು ಬಿದ್ದು ಬಿದ್ದು ನಕ್ಕವು. ಅಡಕತ್ತರಿ ಮಾವನಾಯಿತು, ಮಾತುಮಾತಿಗೆ ಕಟ್ ಎನ್ನುವವನು. ಯಾವ ಪಾತ್ರೆಗೆ ಹಾಕಿದರೂ ಅದರ ರುಚಿ ಹತ್ತಿಸಿಕೊಂಡು ಬರುವ ಚಮಚ ಗಂಡನಾಯಿತು.

ನಾನು ಚಿತ್ರದ ಟೀಚರಲ್ಲವೇ, ಸುಮ್ಮನಿರುವುದಾಗಲಿಲ್ಲ. ಕುಕ್ಕರಿಗೆ ಬಣ್ಣ ಬಳಿಯುತ್ತೇನೆ ಎಂದೆ. ಶಾಂತಕ್ಕ ಕೈ ಹಿಡಿದರು. "ನಾಳಿಗೆ ಅದರಾಗ ಬ್ಯಾಳಿ ಬೇಯಬೇಕವಾ. ಬಣ್ಣ ಗಿಣ್ಣ ನಡಿಯಂಗಿಲ್ಲ." ಅದೇ ನಮ್ಮ ಆಟದ ಕಾಯಿದೆಯಾಯಿತು. ಯಾವ ವಸ್ತುವನ್ನೂ ಕೊಯ್ಯುವಂತಿಲ್ಲ, ಕೊರೆಯುವಂತಿಲ್ಲ. ಆಟ ಮುಗಿದ ಮೇಲೆ ಅದು ತನ್ನ ಕೆಲಸಕ್ಕೆ ಮರಳಬೇಕು. ಕಣ್ಣಿಗೆ ಅಂಗಿಯ ಗುಂಡಿ, ಅದನ್ನು ಹಿಡಿದಿಡಲು ರಬ್ಬರು, ಕೈಗಳಿಗೆ ಮುರಿದ ಛತ್ರಿಯ ಕಡ್ಡಿ, ಸೀರೆಗೆ ಕರವಸ್ತ್ರ. ರಂಗಸ್ಥಳ ಒಂದು ಸೂಟ್‌ಕೇಸು. ಮುಚ್ಚಳ ಎತ್ತಿದರೆ ಹಿಂದಿನ ಗೋಡೆ, ಅಂಚಿಗೆ ಹಳೆಯ ಇಳಕಲ್ ಸೀರೆಯ ಸೆರಗಿನ ಪರದೆ. ಒಂದು ಸ್ಟೂಲು ಸಿಕ್ಕರೆ ಎಲ್ಲಿ ಬೇಕಾದರೂ ಆಟ. ನಂದಗಡದ ಸಂತೆಯಲ್ಲಿ ಆಡಿದ್ದೇವೆ, ಅಂಗನವಾಡಿಗಳಲ್ಲಿ ಆಡಿದ್ದೇವೆ. ಅತ್ತೆ ಕನ್ನಡದಲ್ಲಿ ಬೈಯುತ್ತಾಳೆ, ಮಾವ ಮರಾಠಿಯಲ್ಲಿ ಗೊಣಗುತ್ತಾನೆ. ಖಾನಾಪುರದಲ್ಲಿ ಇದಕ್ಕೆ ಅನುವಾದ ಬೇಕಾಗಿಲ್ಲ.

ಗೊಂಬೆಗಳ ಬಗ್ಗೆ ಓದಲು ಗೋವಾಕ್ಕೆ ಬಂದಿದ್ದ ಇನೇಶ್ ಎಂಬ ಪೋರ್ಚುಗೀಸ್ ಯುವತಿ ಯಾರೋ ಹೇಳಿದ್ದನ್ನು ಕೇಳಿ ಘಟ್ಟ ಹತ್ತಿ ಬಂದಳು. ನಮ್ಮ ಆಟ ನೋಡಿ, ಶಾಂತಕ್ಕನ ಕೈಯ ಥಾಲಿಪೀಟ ತಿಂದು, ತನ್ನೂರಿನಲ್ಲಿ ಸಣ್ಣದೊಂದು ಗೊಂಬೆ ಹಬ್ಬ ಇದೆ, ಬರುವಿರಾ ಎಂದಳು. ನಾನು ಯೋಚಿಸಿ ಹೇಳುತ್ತೇನೆ ಎನ್ನುವಷ್ಟರಲ್ಲಿ ಶಾಂತಕ್ಕ "ಬರ್ತೀವಿ" ಎಂದುಬಿಟ್ಟಿದ್ದರು.

ಕಣಕುಂಬಿ

ವಿಮಾನ ಗೋವಾದಿಂದ. ಖಾನಾಪುರದಿಂದ ಜಾಂಬೋಟಿ, ಕಣಕುಂಬಿ ದಾಟಿ ಘಟ್ಟ ಇಳಿಯಬೇಕು. ಕಣಕುಂಬಿಯಲ್ಲಿ ಚಹಾಕ್ಕೆ ನಿಂತೆವು. ಅಲ್ಲಿಯವರೆಗೆ ವಟವಟ ಎನ್ನುತ್ತಿದ್ದ ಶಾಂತಕ್ಕ ಬಸಿಯಲ್ಲಿ ಚಹಾ ಹಾಕಿಕೊಂಡು ಊದುತ್ತ ಕುಳಿತವರು ಕುಡಿಯಲೇ ಇಲ್ಲ.

"ಯಾಕ್ರಿ ಅಕ್ಕಾರ, ಹೊಟ್ಟಿ ಸರಿ ಇಲ್ಲೇನು?" ಎಂದೆ.

"ಹೊಟ್ಟಿ ನೆಟ್ಟಗ ಐತಿ. ಅಲ್ಲಾ ವಿಜಿ, ಅವ್ರು ನಗದಿದ್ರ? ಓಣ್ಯಾಗ ಎಲ್ಲಾರೂ ಕೇಳಿದ್ರು, ಅಲ್ಲಿ ನಿನ್ನ ಕನ್ನಡ ಯಾರಿಗೆ ತಿಳಿತೈತಿ ಅಂತ. ನಾ ದೊಡ್ಡದಾಗಿ ತಿಳಿಸಿ ಬರ್ತೀನಿ ಅಂದೀನಿ."

ಚಹಾದವನು ನಮ್ಮ ಮಾತು ಕೇಳಿಸಿಕೊಂಡು ಎಲ್ಲಿಗೆ ಹೊರಟಿರಿ ಎಂದು ಮರಾಠಿಯಲ್ಲಿ ಕೇಳಿದ. ಪೋರ್ಚುಗಲ್ ಎಂದೆ. ಅವನು ಗೋವಾದ ಯಾವುದೋ ಹಳ್ಳಿ ಎಂದು ತಿಳಿದು, ರಸ್ತೆ ಕೆಟ್ಟಿದೆ, ಹುಷಾರು ಎಂದ.

ಲಿಸ್ಬನ್

ಲಿಸ್ಬನ್ನಿನಲ್ಲಿ ನಾವು ಇಳಿದೆವು, ನಮ್ಮ ಬಟ್ಟೆಯ ಚೀಲ ಇಳಿಯಿತು, ಗೊಂಬೆಯ ಸೂಟ್‌ಕೇಸು ಇಳಿಯಲಿಲ್ಲ. ಸಾಮಾನು ಬರುವ ಪಟ್ಟಿ ಖಾಲಿಯಾಗಿ ಸುತ್ತುತ್ತಿತ್ತು. ಶಾಂತಕ್ಕ ಅದರ ರಬ್ಬರಿನ ಪರದೆಯೊಳಗೆ ತಲೆ ಹಾಕಿ "ಒಳಗ ಯಾರರ ಅದೀರೇನ್ರಿ?" ಎಂದು ಕೂಗಿದರು. ಸಮವಸ್ತ್ರದ ಒಬ್ಬ ಓಡಿ ಬಂದ. ನಾನು ಅವಮಾನದಿಂದ ಕಂಬದ ಹಿಂದೆ ಸರಿದೆ. ಸೂಟ್‌ಕೇಸು ಮುಂದೆ ಸಿಕ್ಕಿತು ಅನ್ನಿ, ನಾವು ಬೆಳಗಾವಿಗೆ ಬಂದ ಮೇಲೆ ಮನೆಗೇ ಬಂತು. ಅಲ್ಲಿದ್ದಷ್ಟು ದಿನ ಮಾತ್ರ ಅದರ ಸುಳಿವಿಲ್ಲ.

ನನಗೆ ಅಳುವೇ ಬಂತು. ಕರೆಸಿಕೊಂಡವರು ಟಿಕೆಟ್ಟು ಕೊಟ್ಟು ಕರೆಸಿದ್ದಾರೆ, ಊರಲ್ಲಿ ಪೇಪರಿನವರೂ ಬರೆದಿದ್ದಾರೆ, ನಾವು ಬರಿಗೈಯಲ್ಲಿ ನಿಂತಿದ್ದೇವೆ. ಹೊರಗೆ ಕಾಯುತ್ತಿದ್ದ ಇನೇಶ್ ಓಡಿ ಬಂದು ಶಾಂತಕ್ಕನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅಲ್ಲಿ ನಮಸ್ಕಾರವೇ ಹಾಗೆ. ಶಾಂತಕ್ಕ ಕಲ್ಲಾಗಿ ನಿಂತರು. ಆಮೇಲೆ ಕಾರಿನಲ್ಲಿ ನನ್ನ ಕಿವಿಯಲ್ಲಿ, "ಎಲ್ಲಾರೂ ಹಿಂಗ ಮಾಡ್ತಾರೇನ? ಗಂಡಸೂರೂ?" ಎಂದು ಕೇಳಿದರು. ಹೌದಂತೆ ಎಂದೆ. ಅವತ್ತಿನಿಂದ ಯಾರಾದರೂ ಗಂಡಸರು ಎದುರಾದರೆ ಶಾಂತಕ್ಕ ದೂರದಿಂದಲೇ ಎರಡೂ ಕೈ ಜೋಡಿಸಿ ಕೋಟೆ ಕಟ್ಟಿಕೊಳ್ಳುತ್ತಿದ್ದರು.

ಸುಣ್ಣದ ಗೋಡೆಯ ಊರು

ಇನೇಶಳ ಊರು ಎವೊರಾ ಎಂಬ ಪಟ್ಟಣದ ಆಚೆ. ದಾರಿಯುದ್ದಕ್ಕೂ ಬೂಚಿನ ಮರಗಳು. ಬಾಟಲಿಯ ಬೂಚು ಮಾಡುವುದು ಅವುಗಳ ತೊಗಟೆಯಿಂದ. ಸುಲಿದ ಕಾಂಡ ಕೆಂಪಗೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ. ಯಾವ ವರ್ಷ ಸುಲಿದರು ಎಂಬುದರ ಗುರುತಂತೆ. ಊರಿನ ಮನೆಗಳಿಗೆಲ್ಲ ಸುಣ್ಣ, ಬುಡಕ್ಕೆ ಒಂದು ನೀಲಿ ಪಟ್ಟಿ. ನಮ್ಮಲ್ಲಿ ದೀಪಾವಳಿಗೆ ಬಳಿಯುವಂತೆ ಇಲ್ಲಿಯೂ ಹೆಂಗಸರೇ ಬಳಿಯುತ್ತಾರೆ. ನೆರಳಿರುವ ಗೋಡೆಗೆ ಬೆನ್ನು ಕೊಟ್ಟು ವಯಸ್ಸಾದವರು ಸಾಲಾಗಿ ಕುಳಿತಿರುತ್ತಾರೆ. ಹೋಗುವವರು ಬರುವವರೆಲ್ಲ ಅವರಿಗೆ ದಿನದ ಶುಭ ಕೋರಿಯೇ ಮುಂದೆ ಹೋಗಬೇಕು. ಶಾಂತಕ್ಕನಿಗೆ ಇದು ಬಹಳ ಹಿಡಿಸಿತು. ಎರಡನೆಯ ದಿನವೇ ಅವರ ನಡುವೆ ಜಾಗ ಮಾಡಿಕೊಂಡು ಕುಳಿತಿದ್ದರು.

ಭಾಷೆ ಬಾರದು ಎಂಬ ಭಯವೂ ಅಲ್ಲಿಯೇ ಅರ್ಧ ಕರಗಿತು. ಅಂಗಡಿಯಲ್ಲಿ ಶಾಂತಕ್ಕ ಆಲೂಗಡ್ಡೆ ತೋರಿಸಿ "ಬಟಾಟಿ" ಎಂದರು, ಅಂಗಡಿಯಾಕೆ ತೂಗಿಯೇಬಿಟ್ಟಳು. ಅವರದೇ ಮಾತು ಅದು. ಗೋವಾಕ್ಕೆ ಬಂದು, ಘಟ್ಟ ಹತ್ತಿ, ನಮ್ಮ ಬಾಜಾರು ಸೇರಿದೆ. ಪಾವೂ ಹಾಗೆಯೇ, ಚಾವಿಯೂ ಹಾಗೆಯೇ. "ನೋಡ ವಿಜಿ, ಇವ್ರು ನಮ್ಮ ಮಾತು ಎಷ್ಟ್ ಚೊಲೊ ಆಡ್ತಾರು" ಎಂದು ಶಾಂತಕ್ಕ ಮೆಚ್ಚಿಕೊಂಡರು. ಇತಿಹಾಸವನ್ನು ತಿದ್ದುವ ಉಸಾಬರಿಗೆ ನಾನು ಹೋಗಲಿಲ್ಲ.

ಇನೇಶಳ ಬಾಜು ಮನೆಯವರು ದೋನಾ ಲುರ್ದೆಶ್. ದೋನಾ ಎಂದರೆ ನಮ್ಮ ಅಮ್ಮಾವರು ಎಂದ ಹಾಗೆ. ಕಪ್ಪು ಲಂಗ, ಕಪ್ಪು ಅಂಗಿ, ಬಿಗಿದು ಕಟ್ಟಿದ ಬಿಳಿ ಕೂದಲು. ಗಂಡ ಅಂತೋನಿಯು ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಮಾತು ಕಡಿಮೆ. ಆದರೆ ನಾವು ಮಾಂಸ ಮೀನು ಮುಟ್ಟುವುದಿಲ್ಲ ಎಂದು ಇನೇಶಳಿಂದ ತಿಳಿದದ್ದೇ ತಡ, ಮಧ್ಯಾಹ್ನ ತಾವೇ ಒಂದು ಬೋಗುಣಿ ಹಿಡಿದು ಬಂದರು. ಒಣಗಿದ ಬ್ರೆಡ್ಡಿನ ಮೇಲೆ ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ, ಎಣ್ಣೆ, ಮೇಲೆ ಕುದಿಯುವ ನೀರು. ಶಾಂತಕ್ಕ ಒಂದು ತುತ್ತು ಬಾಯಿಗಿಟ್ಟು ಕಣ್ಣರಳಿಸಿದರು. "ಇದು ನಮ್ಮ ಮುಟಗಿ ಅಲ್ಲೇನ! ರೊಟ್ಟಿ ಬದಲಿ ಪಾವು, ಅಷ್ಟ." ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ ಹಾಕಿ ಕುಟ್ಟಿ ಮುದ್ದೆ ಮಾಡುವುದನ್ನು ಅವರು ಗಾಳಿಯಲ್ಲೇ ಕುಟ್ಟಿ ತೋರಿಸಿದರು. ಲುರ್ದೆಶ್ ಬಾಗಿಲಲ್ಲೇ ನಿಂತು ತಲೆಯಾಡಿಸುತ್ತಿದ್ದರು. ಕೂಡಿರಿ ಎಂದರೆ ಕೂಡಲಿಲ್ಲ.

ಎರವಲು

ಸೂಟ್‌ಕೇಸು ಬರುವುದಿಲ್ಲ ಎಂದು ಖಾತ್ರಿಯಾದ ದಿನ ನಾನು ಇನೇಶಳಿಗೆ ಕ್ಷಮೆ ಕೇಳಿ, ಆಟ ರದ್ದು ಮಾಡೋಣ ಎಂದೆ. ಶಾಂತಕ್ಕ ಏನೆಂದಿ ಎಂದು ಕೇಳಿದರು. ಹೇಳಿದೆ.

"ಹುಚ್ಚಿ ಅದೀ ಏನ? ಇಲ್ಲಿಯವ್ರು ಅಡಗಿ ಮಾಡಂಗಿಲ್ಲೇನು? ಪಾತ್ರಿ ಪಗಡಿ ಇಲ್ಲೇನು? ನಡಿ, ನಾಕು ಮನಿ ತಿರಗೂಣು."

ಹೀಗೆ ನಾವು ಮೂವರೂ ಪರದೇಶದ ಬೀದಿಯಲ್ಲಿ ಎರವಲಿಗೆ ಹೊರಟೆವು. ಬಾಗಿಲು ತಟ್ಟುವುದು, ಇನೇಶ್ ವಿವರಿಸುವುದು, ಮನೆಯವರು ಅನುಮಾನದಿಂದ ನಮ್ಮ ಸೀರೆ ನೋಡುವುದು, ಶಾಂತಕ್ಕ ಸೀದಾ ಅಡುಗೆಮನೆಗೆ ನಡೆಯುವುದು. ಅವರಿಗೆ ಪಾತ್ರೆಯ ಮುಖ ನೋಡಿದರೆ ಸ್ವಭಾವ ತಿಳಿಯುತ್ತದೆ. ಒಲೆಯ ಮೇಲೆ ಬುಸುಗುಟ್ಟುವ ಕಾಫಿ ಕೆಟಲು ಸಿಕ್ಕ ಕೂಡಲೇ "ಅತ್ತಿ ಸಿಕ್ಕಳು" ಎಂದರು. ಮೊದಲೆಲ್ಲ ಹೊಲಕ್ಕೆ ಹೋದವರು ನೀರು ಕುಡಿಯಲು ಒಯ್ಯುತ್ತಿದ್ದ, ಬೂಚಿನ ತೊಗಟೆಯ ಹಗುರ ಸೌಟು ಗಂಡನಾಯಿತು. "ಹಗರ ಅದಾನ, ನೀರಾಗ ಮುಳಗಂಗಿಲ್ಲ, ಎಲ್ಲಿ ಒಗದ್ರೂ ತೇಲತಾನ." ಸೊಪ್ಪು ತೊಳೆಯುವ ತೂತಿನ ಬಟ್ಟಲು ಸೊಸೆ. ನಾನು ಅದಕ್ಕೆ ಎರಡು ಗುಂಡಿ ಕಟ್ಟಿ, ಸುತ್ತಲೂ ಕರವಸ್ತ್ರ ಹೊದಿಸಿದೆ. ತೂತುಗಳಲ್ಲಿ ಬೆಳಕು ಹಾಯ್ದು ಗೋಡೆಯ ಮೇಲೆ ಚುಕ್ಕಿ ಚುಕ್ಕಿ ಬಿತ್ತು. ನಮ್ಮ ಖಾನಾಪುರದ ಸೊಸೆಗೆ ಈ ಚೆಲುವು ಇರಲಿಲ್ಲ.

ಮಾವ ಮಾತ್ರ ಸಿಗಲಿಲ್ಲ. ಅಡಕತ್ತರಿ ಅಲ್ಲಿ ಎಲ್ಲಿಂದ ಬರಬೇಕು? ಕೊನೆಗೆ ಲುರ್ದೆಶರ ಮನೆ. ಅವರ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಕುಳಿತಿತ್ತು ಕಾಫಿ ಬೀಸುವ ಗಿರಣಿ. ಚೌಕದ ಮರದ ಡಬ್ಬಿ, ಮೇಲೆ ತಿರುಗಿಸುವ ಹಿಡಿಕೆ, ಕೆಳಗೆ ಪುಡಿ ಬೀಳುವ ಪುಟ್ಟ ಖಾನೆ. ಹಿಡಿಕೆ ತಿರುಗಿಸಿದರೆ ಗರಗರ ಗೊಣಗುತ್ತದೆ. ಶಾಂತಕ್ಕ ನನ್ನ ಕೈ ಚಿವುಟಿದರು. "ಮಾವ!"

ಇನೇಶ್ ಕೇಳಿದಳು. ಲುರ್ದೆಶ್ ಗಿರಣಿಯ ಕಡೆ ನೋಡಿದರು, ನಮ್ಮ ಕಡೆ ನೋಡಿದರು, ಇಲ್ಲ ಎನ್ನುವಂತೆ ತಲೆಯಾಡಿಸಿ ಒಳಗೆ ಹೋದರು. ನಾವು ಮೆಟ್ಟಿಲಿಳಿದು ಬಂದೆವು. ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಅವರು ಹಿಂದಿನಿಂದ ಕರೆದರು. ಮೇಜಿನ ಬಟ್ಟೆಯಲ್ಲಿ ಸುತ್ತಿದ ಗಿರಣಿಯನ್ನು ಎರಡೂ ಕೈಯಲ್ಲಿ ಹಿಡಿದು ಶಾಂತಕ್ಕನಿಗೆ ಕೊಟ್ಟು ಏನೋ ಹೇಳಿದರು. ಇನೇಶ್ ನನಗೆ ಇಂಗ್ಲಿಷಿನಲ್ಲಿ ಹೇಳಿದಳು, ನಾನು ಶಾಂತಕ್ಕನಿಗೆ ಹೇಳಿದೆ: ಇದು ಅಂತೋನಿಯು ಅವರದು, ದಿನಾ ಬೆಳಿಗ್ಗೆ ಅವರೇ ಬೀಸುತ್ತಿದ್ದರು, ಜೋಪಾನ.

ಶಾಂತಕ್ಕ ಗಿರಣಿಯನ್ನು ಕಣ್ಣಿಗೊತ್ತಿಕೊಂಡರು. "ಹೆಂಗ ಕೊಟ್ಟಾರ ಹಂಗ ತಂದು ಮುಟ್ಟಸ್ತೀನಿ ಅನ್ನು" ಎಂದರು. ಉಳಿದ ಪಾತ್ರೆ ಒಡೆದರೆ ಅಂಗಡಿಯಿಂದ ತಂದುಕೊಡಬಹುದು, ಇದನ್ನು ಎಲ್ಲಿಂದ ತರುವುದು? ಆಟ ಮುಗಿಯುವವರೆಗೂ ಅದು ಶಾಂತಕ್ಕನ ಮಂಚದ ಪಕ್ಕದಲ್ಲೇ ಇತ್ತು. ನನಗೂ ಮುಟ್ಟಲು ಬಿಡಲಿಲ್ಲ.

ಆಟ

ಹಳೆಯ ಎಣ್ಣೆ ಗಾಣದ ಮನೆಯನ್ನು ಸಭಾಂಗಣ ಮಾಡಿದ್ದರು. ಇನೇಶಳ ಬಟ್ಟೆಯ ಪೆಟ್ಟಿಗೆ ನಮ್ಮ ರಂಗಸ್ಥಳ, ನನ್ನದೊಂದು ಸೀರೆಯ ಸೆರಗು ಪರದೆ. ಗೋಡೆಗೆ ಬೆನ್ನು ಕೊಟ್ಟು ಕೂರುವ ಆ ವಯಸ್ಸಾದವರೆಲ್ಲ ಇಲ್ಲಿಯೂ ಗೋಡೆಗೆ ಬೆನ್ನು ಕೊಟ್ಟೇ ಕುಳಿತಿದ್ದರು. ಶಾಂತಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಟಲನ್ನು ಎತ್ತಿಕೊಂಡರು.

ಕೆಟಲು ಬುಸ್ಸೆಂದಿತು. "ಏ ಸೊಸೀ, ನಿನ್ನೆ ಏನ್ ಹೇಳಿದ್ದೆ? ತಲಿಯಾಗ ಏನರ ಉಳದೈತೇನು?" ಸೊಸೆಯ ತೂತುಗಳಿಂದ ನಾನು ನೀರು ಸುರಿಸಿದೆ, ಎಲ್ಲವೂ ಕೆಳಗೆ. ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಖೊಳ್ಳೆಂದು ನಕ್ಕಳು. ಅಲ್ಲಿಂದ ಹಿಡಿತ ಸಿಕ್ಕಿತು. ಸೌಟು ಅತ್ತ ಇತ್ತ ತೇಲಿತು. ಜಗಳ ಜೋರಾದಾಗಲೆಲ್ಲ ಮಾವ ಬಂದು ಗರಗರ ಎಂದು ಅದೇನೋ ಗೊಣಗಿ, ಯಾರೂ ಕೇಳದೆ, ಮೂಲೆಗೆ ಹೋಗಿ ಕೂರುತ್ತಿದ್ದ. ಅವನು ಬಂದಾಗಲೆಲ್ಲ ಜನ ಹೆಚ್ಚು ನಕ್ಕರು. ಇಂಥ ಮಾವ ಅಲ್ಲಿಯೂ ಮನೆಗೊಬ್ಬನಿರಬೇಕು. ಶಾಂತಕ್ಕನ ಕನ್ನಡ ಒಂದು ಅಕ್ಷರ ತಿಳಿಯದ ಜನ ಕಣ್ಣೊರೆಸಿಕೊಂಡು ನಗುತ್ತಿದ್ದರು. ನನಗೆ ಎದೆಯುಬ್ಬಿ ಬಂತು.

ಬಾಗಿಲ ಬಳಿ ಲುರ್ದೆಶ್ ನಿಂತಿದ್ದರು. ನಗಲಿಲ್ಲ. ಬಾಯಿಯ ಮೇಲೆ ಕೈ ಇಟ್ಟುಕೊಂಡು ಗಿರಣಿಯನ್ನೇ ನೋಡುತ್ತಿದ್ದರು. ಆಟ ಮುಗಿದಾಗ ಹೊರಟು ಹೋಗಿದ್ದರು.

ಸಕ್ಕರೆ

ಮರುದಿನ ಶಾಂತಕ್ಕ ಎದ್ದವರೇ ಸೀರೆ ಎತ್ತಿ ಕಟ್ಟಿ ಇನೇಶಳ ಹಿತ್ತಲಲ್ಲಿ ಪಾತ್ರೆ ತೊಳೆಯಲು ಕುಳಿತರು. ನಮ್ಮ ಕಡೆ ಬಾಜು ಮನೆಯ ಪಾತ್ರೆ ಜಿಡ್ಡಾಗಿ ಮರಳುವುದಿಲ್ಲ, ಖಾಲಿಯಾಗಿ ಅಂತೂ ಮರಳುವುದೇ ಇಲ್ಲ. ಪಲ್ಯ ಕಳಿಸಿದ ಬಟ್ಟಲು ಹಿಂದಕ್ಕೆ ಹೋಗುವಾಗ ಲಕಲಕ ಹೊಳೆಯಬೇಕು, ಒಳಗೆ ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಹುಣಸೆಹಣ್ಣು ಸಿಗದೆ ಲಿಂಬೆ, ಉಪ್ಪು ಹಾಕಿ ತಿಕ್ಕಿದರು. ಗಿರಣಿಗೆ ವಿಶೇಷ ಉಪಚಾರ. ಹಿತ್ತಾಳೆಯ ಹಿಡಿಕೆ ಬಂಗಾರವಾಯಿತು. ಖಾನೆ ಎಳೆದರೆ ತಳದಲ್ಲಿ ಹಳೆಯ ಕಾಫಿ ಪುಡಿ.

"ಎಷ್ಟ್ ದಿವಸದ್ದೋ ಏನೋ" ಎಂದು ಶಾಂತಕ್ಕ ನನಗೆ ತೋರಿಸಿದರು.

"ಘಮಾನೂ ಹೋಗೇತ್ರಿ" ಎಂದೆ ನಾನು.

ಅವರು ಅದನ್ನು ಲಿಂಬೆ ಗಿಡದ ಬುಡಕ್ಕೆ ಕೊಡವಿ, ಖಾನೆ ತೊಳೆದು, ಬಿಸಿಲಿಗೆ ಒಣಗಿಸಿ, ಅರ್ಧದಷ್ಟು ಸಕ್ಕರೆ ತುಂಬಿದರು. ಆಮೇಲೆ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಗಿರಣಿಯ ಹಣೆಗೆ ಮೂರು ಬೆರಳು ಎಳೆದರು. "ಲಿಂಗೈಕ್ಯ ಆದವ್ರ ಜೀನಸು. ಹಂಗ ಕೊಡಬಾರದು."

ಬೀದಿಯಲ್ಲಿ ನಮ್ಮ ಸಕ್ಕರೆ ಗಲಿಬಿಲಿ ಎಬ್ಬಿಸಿತು. ಕೆಟಲಿನ ಯಜಮಾನಿ ನಮ್ಮ ಹಿಂದೆ ಓಡಿ ಬಂದು, ನಿಮ್ಮ ಸಕ್ಕರೆ ಇದರಲ್ಲೇ ಉಳಿದಿದೆ ಎಂದು ಕೊಡಲು ನೋಡಿದಳು. ಸಂಗತಿ ತಿಳಿದ ಮೇಲೆ ನಕ್ಕು ನಮ್ಮಿಬ್ಬರಿಗೂ ಮುತ್ತಿಟ್ಟಳು. ನಾವು ಅದೇ ಗೆಲುವಿನಲ್ಲಿ ಲುರ್ದೆಶರ ಬಾಗಿಲಿಗೆ ಹೋದೆವು.

ಅವರು ಗಿರಣಿಯನ್ನು ತೆಗೆದುಕೊಂಡು ಅಲ್ಲೇ ಹೊಸ್ತಿಲಲ್ಲಿ ಖಾನೆ ಎಳೆದರು. ನೋಡಿದರು. ಮುಖದ ಹತ್ತಿರ ಒಯ್ದು ಮೂಸಿದರು. ಇನೇಶಳಿಗೆ ಏನೋ ಕೇಳಿದರು. ಒಳಗಿದ್ದದ್ದು ಎಲ್ಲಿ ಎಂದು ಕೇಳುತ್ತಿದ್ದಾರೆ ಎಂದಳು ಇನೇಶ್. ನಾನು ಶಾಂತಕ್ಕನಿಗೆ ಹೇಳಿದೆ.

"ಎಲ್ಲಾ ತಗದು, ತೊಳದು, ಸ್ವಚ್ಛ ಮಾಡೀನಿ ಅನ್ನು" ಎಂದರು ಶಾಂತಕ್ಕ, ನಗುನಗುತ್ತ.

ಲುರ್ದೆಶ್ ಬೈಯಲಿಲ್ಲ. ಖಾನೆಯನ್ನು ಒಳಕ್ಕೆ ತಳ್ಳಿದರು. ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡರು.

ಸಂಜೆ ಇನೇಶ್ ಒಬ್ಬಳೇ ಹೋಗಿ ಬಂದು ಹೇಳಿದಳು. ಆ ಪುಡಿ ಅಂತೋನಿಯು ಬೀಸಿದ್ದು. ಬೆಳಿಗ್ಗೆ ಬೀಸಿ, ಇಬ್ಬರೂ ಒಂದೊಂದು ಬಟ್ಟಲು ಕುಡಿದು, ಅವರು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಉಳಿದ ಪುಡಿಯನ್ನು ಲುರ್ದೆಶ್ ಹಾಗೆಯೇ ಬಿಟ್ಟಿದ್ದರು. ದಿನಾ ಬೆಳಿಗ್ಗೆ ಖಾನೆ ಎಳೆದು ಮೂಸುತ್ತಿದ್ದರು, ಅಷ್ಟೇ. ಇದು ಇನೇಶಳಿಗೂ ಗೊತ್ತಿರಲಿಲ್ಲ, ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಇದನ್ನು ಶಾಂತಕ್ಕನಿಗೆ ಹೇಳಲೇಬೇಕಾಯಿತು. ಅವರು ಎದ್ದು ಲಿಂಬೆ ಗಿಡದ ಹತ್ತಿರ ಓಡಿದರು. ಅಷ್ಟರಲ್ಲಿ ಗಿಡಕ್ಕೆ ನೀರು ಬಿಟ್ಟಾಗಿತ್ತು. ಮಣ್ಣು ಕೆದರಿದರು, ಮುದ್ದೆ ಹಿಡಿದು ಮೂಸಿದರು. ಬರಿಯ ಮಣ್ಣಿನ ವಾಸನೆ.

"ಯವ್ವಾ ವಿಜಿ, ಅಕಿ ಗಂಡನ್ನ ನಾ ತೊಳದು ಚೆಲ್ಲಿದ್ನಲ್ಲ!"

ಅವರು ಅತ್ತದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಕೈಗೆ ಹತ್ತಿದ ಮಣ್ಣು ಕೂಡ ತೊಳೆಯದೆ ಅಲ್ಲೇ ಕುಳಿತರು. ರಾತ್ರಿ ಊಟ ಬೇಡವೆಂದರು. ನಾನೂ ಉಣ್ಣಲಿಲ್ಲ. ಘಮ ಹೋಗಿದೆ ಎಂದು ತೀರ್ಪು ಕೊಟ್ಟವಳು ನಾನಲ್ಲವೇ.

ಮಾತಾಡಿಸಲು

ಮರುದಿನ ನಾವು ಹೊರಡುವ ದಿನ. ಲಿಸ್ಬನ್ನಿಗೆ ಹೋಗುವ ಬಸ್ಸು ಊರಿನ ಚೌಕದಿಂದ. ನಾನು ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟು ಗಡಿಯಾರ ನೋಡುತ್ತಿದ್ದೆ. ಶಾಂತಕ್ಕ ಬೆಳ್ಳಗಿನ ಸೀರೆಯುಟ್ಟು ಹೊರಗೆ ಬಂದರು.

"ನಡಿ. ಮಾತಾಡ್ಸಾಕ ಹೋಗಬೇಕು."

ಸತ್ತವರ ಮನೆಗೆ ಹೋಗಿ ಕುಳಿತು ಬರುವುದಕ್ಕೆ ನಮ್ಮ ಕಡೆ ಇರುವ ಮಾತು ಅದು. ದುಃಖದಲ್ಲಿರುವವರನ್ನು ಮಾತಾಡಿಸಿ ಬರಬೇಕು. ಇನೇಶ್ ಬೇಡವೆಂದಳು. ಅವರಿಗೆ ನೋವಾಗಿದೆ, ಒಬ್ಬರೇ ಇರಲಿ ಬಿಡಿ, ಇಲ್ಲಿ ಹಾಗೆಯೇ ಬಿಡುತ್ತಾರೆ ಎಂದಳು. ನನಗೂ ಅದೇ ಸರಿ ಎನ್ನಿಸಿತು. ಒಂದು ಚೀಟಿ ಬರೆದು, ಊರಿಂದ ತಂದ ಒಂದು ಡಬ್ಬಿ ಕುಂದಾ ಇಟ್ಟು ಹೋಗೋಣ ಎಂದೆ.

"ಕುಂದಾ ಕೊಟ್ರ ಆ ಪುಡಿ ಬರತೈತೇನು? ಕ್ಷಮಾ ಕೇಳಾಕ ಅಲ್ಲ ನಾ ಹೊಂಟಿದ್ದು. ಗಂಡ ಸತ್ತಾನ ಅಂತ ಬಂದ ದಿವಸಾನ ಗೊತ್ತಾಗೈತಿ. ಅಕಿ ಮಾಡಿದ್ದು ಉಂಡೀವಿ. ಅಕಿ ಸಾಮಾನು ಒಯ್ದೀವಿ. ಹೆಂಗಾತವಾ ಅಂತ ಒಂದ ಮಾತು ಕೇಳೀವೇನು?"

ಕೇಳಿರಲಿಲ್ಲ. ನಾವು ಹೋದೆವು, ಬರಿಗೈಯಲ್ಲಿ. ಮಾತಾಡಿಸಲು ಹೋಗುವಾಗ ಏನೂ ಒಯ್ಯಬಾರದು.

ಲುರ್ದೆಶ್ ಬಾಗಿಲು ತೆರೆದರು. ಶಾಂತಕ್ಕ ಸೀದಾ ಒಳಗೆ ಹೋಗಿ ಅಡುಗೆಮನೆಯ ಕುರ್ಚಿಯೊಂದರಲ್ಲಿ ಕುಳಿತರು. ನಮ್ಮಲ್ಲಿ ಸಾವಿನ ಮನೆಯಲ್ಲಿ ಬರ್ರಿ ಎನ್ನುವುದೂ ಇಲ್ಲ, ಅದನ್ನು ಕಾಯುವುದೂ ಇಲ್ಲ. ನಾನು, ಇನೇಶ್ ಗೋಡೆಗೆ ಆತು ನಿಂತೆವು. ಮೇಜಿನ ಮೇಲೆ ಗಿರಣಿ ಇತ್ತು, ವಿಭೂತಿ ಒರೆಸಿರಲಿಲ್ಲ. ತುಸು ಹೊತ್ತಾದ ಮೇಲೆ ಲುರ್ದೆಶರೂ ಎದುರಿಗೆ ಕುಳಿತರು.

"ಹೆಂಗಾತ್ರಿ?" ಎಂದರು ಶಾಂತಕ್ಕ.

ಇನೇಶ್ ನನ್ನ ಮುಖ ನೋಡಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅವಳು ಅಳುಕುತ್ತಲೇ ತನ್ನ ಭಾಷೆಗೆ ದಾಟಿಸಿದಳು.

"ಆ ದಿವಸ ಏನರ ಉಂಡಿದ್ರೇನ್ರಿ? ಎದ್ಯಾಗ ನೋವು ಅಂದಿದ್ರೇನು? ನೀವು ಬಾಜುಕ ಇದ್ರೇನು?"

ಒಂದೊಂದೇ ಪ್ರಶ್ನೆ, ಅವಸರವಿಲ್ಲದೆ. ಖಾನಾಪುರದಲ್ಲಿ ಎಷ್ಟೋ ಮನೆಗಳಲ್ಲಿ ಶಾಂತಕ್ಕ ಹೀಗೆ ಕೇಳುವುದನ್ನು ನಾನು ಕಂಡಿದ್ದೇನೆ. ಸತ್ತ ದಿನವನ್ನು ಮನೆಯವರ ಬಾಯಿಂದ ಮೊದಲಿನಿಂದ ಹೇಳಿಸುವುದು. ನನಗೆ ಯಾವಾಗಲೂ ಅದು ಗಾಯ ಕೆದಕುವ ಕೆಟ್ಟ ಚಾಳಿ ಎನ್ನಿಸುತ್ತಿತ್ತು. ಈಗಲೂ ನಾಚಿಕೆಯಿಂದ ಮೈ ಹಿಡಿಯಾಗಿತ್ತು.

ಲುರ್ದೆಶ್ ಉತ್ತರಿಸಿದರು. ಮೊದಲು ಒಂದೊಂದು ಪದ. ಆಮೇಲೆ ಇಡೀ ವಾಕ್ಯಗಳು. ಬೆಂಚು ಯಾವ ಕಡೆಗಿತ್ತು, ಟೋಪಿ ಹೇಗೆ ಕೆಳಗೆ ಬಿದ್ದಿತ್ತು, ತಾವು ಎರಡು ಸಲ ಕರೆದದ್ದು. ಇನೇಶ್ ತಗ್ಗಿದ ದನಿಯಲ್ಲಿ ನನಗೆ ಹೇಳುತ್ತಾ ಹೋದಳು, ನಡುವೆ ನಿಲ್ಲಿಸಿ, "ಇದನ್ನೆಲ್ಲ ಅವರಿಗೆ ಯಾರೂ ಕೇಳಿಯೇ ಇರಲಿಲ್ಲ. ನೋವಾದೀತು ಅಂತ ನಾವೆಲ್ಲ ಅವರ ಮುಂದೆ ಅಂತೋನಿಯು ಅವರ ಹೆಸರೇ ಎತ್ತುವುದಿಲ್ಲ" ಎಂದಳು.

ಮಾತಾಡುತ್ತಲೇ ಲುರ್ದೆಶ್ ಎದ್ದು ಕಪಾಟಿನಿಂದ ಕಾಫಿ ಬೀಜ ತೆಗೆದರು. ಗಿರಣಿಯ ಬಾಯಿಗೆ ಸುರಿದು, ಮಡಿಲಲ್ಲಿಟ್ಟುಕೊಂಡು, ಹಿಡಿಕೆ ತಿರುಗಿಸಿದರು. ಗರಗರ. ಪುಡಿ ನಮ್ಮ ಸಕ್ಕರೆಯ ಮೇಲೆಯೇ ಬಿತ್ತು. ಅದನ್ನೇ ಕಲಸಿ ಕುದಿಸಿ ನಾಲ್ಕು ಬಟ್ಟಲಿಗೆ ಹಾಕಿದರು. ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಇಷ್ಟು ಸಿಹಿ ಮಾಡಿದ್ದನ್ನು ಕಂಡಿದ್ದರೆ ಅಂತೋನಿಯು ನಮ್ಮ ನಾಲ್ವರನ್ನೂ ಬೀದಿಗೆ ಅಟ್ಟುತ್ತಿದ್ದ" ಎಂದರಂತೆ. ನಗಲು ಹೋದರು, ನಗು ಅರ್ಧಕ್ಕೇ ಒಡೆದು ಅಳುವಾಯಿತು. ಶಾಂತಕ್ಕ ಕುರ್ಚಿ ಎಳೆದು ಬಾಜುಕ್ಕೆ ಹೋಗಿ ಅವರ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು. "ಅಳ್ರಿ. ಅತ್ತುಬಿಡ್ರಿ" ಎಂದು ಬೆನ್ನು ಸವರಿದರು, ತಾವೂ ಅತ್ತರು. ನನ್ನ ಕಣ್ಣೂ ತುಂಬಿ ಬಂತು.

ಎಷ್ಟೋ ಹೊತ್ತಿನ ಮೇಲೆ ಲುರ್ದೆಶ್ ಮೂಗೊರೆಸಿಕೊಂಡು ನೇರ ಕುಳಿತರು. ಬಟ್ಟಲಿನ ಕಾಫಿಯನ್ನು ಮುಗಿಸಿ ಮತ್ತೆ ಹೇಳಲು ಶುರು ಮಾಡಿದರು. ಈ ಸಲ ಸತ್ತ ದಿನದಿಂದ ಅಲ್ಲ, ತಮ್ಮ ಹದಿಹರೆಯದಿಂದ. ಪಕ್ಕದ ಊರಿನ ಒಬ್ಬ ಹುಡುಗ ಬೂಚಿನ ತೊಗಟೆ ತುಂಬಿದ ಕತ್ತೆ ಹೊಡೆದುಕೊಂಡು ಈ ಬೀದಿಯಲ್ಲಿ ಬರುತ್ತಿದ್ದನಂತೆ, ಆ ಕತ್ತೆ ಇವರ ಬಾಗಿಲ ಮುಂದೆಯೇ ಬಂದು ಹಟ ಹಿಡಿದು ನಿಲ್ಲುತ್ತಿತ್ತಂತೆ. ಶಾಂತಕ್ಕ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದರು. ಚೌಕದ ಕಡೆಯಿಂದ ನಮ್ಮ ಬಸ್ಸಿನ ಹಾರ್ನು ಕೇಳಿಸಿತು, ಒಂದು ಸಲ, ಮತ್ತೊಂದು ಸಲ. ಇನೇಶ್ ನನ್ನ ಕಡೆ ನೋಡಿದಳು. ನಾನು ಗೋಡೆಗೆ ಒರಗಿ ಕೆಳಗೇ ಕುಳಿತುಬಿಟ್ಟೆ. ಬಸ್ಸು ಹೊರಟು ಹೋದಾಗ ಲುರ್ದೆಶರ ಕತೆಯಲ್ಲಿ ಅಂತೋನಿಯುಗೆ ಇನ್ನೂ ಮದುವೆಯೇ ಆಗಿರಲಿಲ್ಲ.